ಕಾರ್ಡ್ ಆಟದ ಲೇಖನದಲ್ಲಿ ಕಾಳಗದ ನಿಯಮ ಹಳೆಯದು

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ಪುರವಣಿಯಲ್ಲಿ ಬಂದ ‘ಮ್ಯಾಜಿಕ್: ದ ಗ್ಯಾದರಿಂಗ್’ ಕುರಿತ ಲೇಖನ ಹೊಸಬರನ್ನು ಆಟಕ್ಕೆ ಸೆಳೆಯುವಂತಿದೆ. ಆದರೆ ಕಾಳಗದ ಭಾಗ ದಾರಿ ತಪ್ಪಿಸುತ್ತದೆ. ಒಬ್ಬರು ದಾಳಿ ಮಾಡುತ್ತಾರೆ, ಇನ್ನೊಬ್ಬರು ತಡೆಯುತ್ತಾರೆ, ಏಟು ಬೀಳುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಲಾಗಿದೆ. ಸಾಲದ್ದಕ್ಕೆ, 2024ರಲ್ಲೇ ರದ್ದಾದ ನಿಯಮವೊಂದನ್ನು ಈಗಲೂ ಚಾಲ್ತಿಯಲ್ಲಿದೆ ಎಂಬಂತೆ ಬರೆಯಲಾಗಿದೆ. ಆಟದಲ್ಲಿ ವಾದ ಹತ್ತಿಕೊಳ್ಳುವುದು ಹೆಚ್ಚಾಗಿ ಇದೇ ಜಾಗದಲ್ಲಿ. ಹಾಗಾಗಿ ಈ ಪತ್ರ.

ಕಾಳಗಕ್ಕೆ ಐದು ಹಂತಗಳಿವೆ: ಆರಂಭ, ದಾಳಿ ಘೋಷಣೆ, ಬ್ಲಾಕ್ (ತಡೆ) ಘೋಷಣೆ, ಡ್ಯಾಮೇಜ್ (ಏಟು), ಮುಕ್ತಾಯ. ಪ್ರತಿ ಹಂತದಲ್ಲೂ ಇಬ್ಬರಿಗೂ ಇನ್‌ಸ್ಟಂಟ್ (ಎದುರಾಳಿಯ ಟರ್ನ್‌ನಲ್ಲೂ ಹಾಕಬಹುದಾದ ಮಂತ್ರದ ಕಾರ್ಡ್) ಹಾಕಲು ಅವಕಾಶ ಉಂಟು, ಮೊದಲ ಸರದಿ ಟರ್ನ್ ಯಾರದೋ ಅವರದು. ಸ್ಟ್ಯಾಕ್ (ಹಾಕಿದ್ದರೂ ಪರಿಣಾಮ ಇನ್ನೂ ಆಗಬೇಕಿರುವ ಮಂತ್ರಗಳ ಪಟ್ಟಿ) ಖಾಲಿಯಿದ್ದು ಇಬ್ಬರೂ ಒಬ್ಬರ ಹಿಂದೊಬ್ಬರು ಪಾಸ್ ಅಂದಾಗಲೇ ಮುಂದಿನ ಹಂತ. ಆದರೆ ದಾಳಿ ಅಥವಾ ಬ್ಲಾಕ್ ಘೋಷಿಸುವ ಆ ಕ್ರಿಯೆಗೆ ಮಾತ್ರ ಯಾರೂ ಅಡ್ಡ ಬರುವಂತಿಲ್ಲ. ಘೋಷಣೆ ಪೂರ್ತಿಯಾದ ಮೇಲಷ್ಟೇ ಇನ್‌ಸ್ಟಂಟ್.

ಎದುರಾಳಿಯ ಕ್ರಿಯೇಚರ್ (ಕಾಳಗಕ್ಕಿಳಿಯುವ ಜೀವಿಯ ಕಾರ್ಡ್) ದಾಳಿ ಮಾಡದಂತೆ ಅದನ್ನು ಟ್ಯಾಪ್ ಮಾಡಬೇಕೆಂದರೆ (ಅಡ್ಡ ತಿರುಗಿಸಿ, ಹೊಸದಾಗಿ ದಾಳಿಗಾಗಲಿ ಬ್ಲಾಕ್‌ಗಾಗಲಿ ಬರದಂತೆ ಮಾಡಬೇಕೆಂದರೆ) ಆರಂಭದ ಹಂತವೇ ಕೊನೆಯ ಗಡುವು. ದಾಳಿ ಘೋಷಿಸಿದ ಮೇಲೆ ಟ್ಯಾಪ್ ಮಾಡಿ ಪ್ರಯೋಜನವಿಲ್ಲ. ವಿಜಿಲೆನ್ಸ್ ಎಂಬ ಗುಣವಿರುವ ಕ್ರಿಯೇಚರ್ ಟ್ಯಾಪ್ ಆಗದೆ ದಾಳಿಗೆ ಬಂದಿರುತ್ತದೆ, ನಿಜ, ಆದರೆ ಅದನ್ನು ಆಮೇಲೆ ಟ್ಯಾಪ್ ಮಾಡಿದರೂ ಅದು ಕಾಳಗದಿಂದ ಆಚೆ ಹೋಗುವುದಿಲ್ಲ. ಬ್ಲಾಕರ್‌ಗೂ ಇದೇ ಲೆಕ್ಕ: ಬ್ಲಾಕ್ ಮಾಡಿದ ಮೇಲೆ ಟ್ಯಾಪ್ ಆದರೂ ಅದರ ಏಟು ಬಿದ್ದೇ ಬೀಳುತ್ತದೆ. ಬ್ಲಾಕ್ ಆಗಬಾರದು ಎಂದಿದ್ದರೆ ದಾಳಿ ಘೋಷಣೆಯ ಹಂತ ದಾಟುವುದರೊಳಗೆ ಕೈ ಮಾಡಬೇಕು.

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಬ್ಲಾಕರ್ ಸತ್ತಾಗ. ಒಂದು 4/4 (ಹೊಡೆಯುವ ಬಲ 4, ತಾಳುವ ಬಲ 4 ಇರುವ ಕ್ರಿಯೇಚರ್) ದಾಳಿಗೆ ಬರುತ್ತದೆ, ಎದುರಾಳಿ 1/1 ಒಂದನ್ನು ಅಡ್ಡ ನಿಲ್ಲಿಸುತ್ತಾರೆ. ದಾಳಿ ಮಾಡಿದವರು ಲೈಟ್ನಿಂಗ್ ಬೋಲ್ಟ್ (3 ಡ್ಯಾಮೇಜ್ ಕೊಡುವ ಇನ್‌ಸ್ಟಂಟ್) ಹಾಕಿ ಆ 1/1 ಅನ್ನು ಕೊಂದು, ‘ಇನ್ನು ದಾರಿ ತೆರವಾಯಿತು, 4 ಡ್ಯಾಮೇಜ್ ತಗೊಳ್ಳಿ’ ಅನ್ನುತ್ತಾರೆ. ಹಾಗಾಗುವುದಿಲ್ಲ. ಒಮ್ಮೆ ಬ್ಲಾಕ್ ಆದ ಕ್ರಿಯೇಚರ್, ಬ್ಲಾಕರ್ ಇಲ್ಲವಾದರೂ ಬ್ಲಾಕ್ ಆದದ್ದೇ. ಎದುರಾಳಿಗೆ ಒಂದು ಡ್ಯಾಮೇಜೂ ತಗಲದು. ಟ್ರ್ಯಾಂಪಲ್ (ಬ್ಲಾಕರ್‌ಗೆ ಕೊಟ್ಟು ಮಿಕ್ಕ ಡ್ಯಾಮೇಜನ್ನು ಎದುರಾಳಿಗೆ ದಾಟಿಸುವ ಗುಣ) ಇದ್ದರೆ ಮಾತ್ರ ನಾಲ್ಕೂ ಎದುರಾಳಿಗೆ. ಇದೇ ಕಾರಣಕ್ಕೆ ರಕ್ಷಣೆಯಲ್ಲಿರುವವರು ಬ್ಲಾಕ್ ಮಾಡಿದ ಕ್ರಿಯೇಚರನ್ನು ಡ್ಯಾಮೇಜ್‌ಗೆ ಮುಂಚೆ ಸ್ಯಾಕ್ರಿಫೈಸ್ ಮಾಡಿ (ತಾವೇ ಬಲಿಕೊಟ್ಟು) ಅದರ ಲಾಭವನ್ನೂ ಪಡೆಯಬಹುದು. ಬೋಲ್ಟ್ ಹಾಕಿ ದಾರಿ ತೆರವು ಮಾಡಬೇಕೆಂದಿದ್ದವರು ಬ್ಲಾಕ್‌ಗೆ ಮೊದಲೇ ಹಾಕಬೇಕಿತ್ತು.

ಇನ್ನು ರದ್ದಾದ ನಿಯಮದ ವಿಷಯ. ಒಂದು ದಾಳಿಕೋರನಿಗೆ ಹಲವು ಬ್ಲಾಕರ್‌ಗಳು ಅಡ್ಡ ನಿಂತರೆ ಅವನ್ನು ಸಾಲಾಗಿ ಜೋಡಿಸಿ, ಮೊದಲನೆಯದಕ್ಕೆ ಸಾಯುವಷ್ಟು ಡ್ಯಾಮೇಜ್ ಕೊಟ್ಟ ನಂತರವೇ ಎರಡನೆಯದಕ್ಕೆ ಕೊಡಬೇಕು ಎಂದು ಲೇಖನ ಹೇಳುತ್ತದೆ. ಆ ಸಾಲು 2009ರಲ್ಲಿ ಬಂದದ್ದು, 2024ರ ನವೆಂಬರ್‌ನಲ್ಲಿ ‘ಫೌಂಡೇಶನ್ಸ್’ ಎಂಬ ಕಾರ್ಡ್ ಸೆಟ್ ಜೊತೆಗೆ ಹೋಯಿತು. ಇದು ಸಣ್ಣ ತಿದ್ದುಪಡಿಯಲ್ಲ. ಒಂದು 5/5 ದಾಳಿಗೆ ಬಂದಿದೆ, ಎರಡು 3/3 ಅಡ್ಡ ನಿಂತಿವೆ ಎಂದುಕೊಳ್ಳಿ. ಹಿಂದೆ ದಾಳಿ ಮಾಡುವವರು ಸಾಲನ್ನು ಬ್ಲಾಕ್ ಆದ ಕೂಡಲೇ ಹೇಳಿಬಿಡಬೇಕಿತ್ತು. ಎದುರಾಳಿ ಅದನ್ನು ನೋಡಿಕೊಂಡು ಸಾಲಿನ ಮೊದಲನೆಯದಕ್ಕೆ ಜೈಂಟ್ ಗ್ರೋತ್ (+3/+3 ಕೊಡುವ ಇನ್‌ಸ್ಟಂಟ್) ಹಾಕಿದರೆ ಅದು 6/6 ಆಗುತ್ತಿತ್ತು. ಐದೂ ಡ್ಯಾಮೇಜ್ ಅದರ ಮೇಲೆಯೇ ಸುರಿಯಬೇಕು, ಎರಡೂ ಬ್ಲಾಕರ್ ಉಳಿಯುತ್ತಿದ್ದವು. ಈಗ ಸಾಲೇ ಇಲ್ಲ. ಡ್ಯಾಮೇಜ್ ಹಂಚುವುದು ಡ್ಯಾಮೇಜ್ ಹಂತಕ್ಕೆ ಬಂದಾಗ, ಇಷ್ಟ ಬಂದ ಹಾಗೆ. ಒಂದು 6/6 ಆದರೇನು, ಪಕ್ಕದ 3/3ಗೆ ಮೂರು ಕೊಟ್ಟು ಅದನ್ನು ಕೊಲ್ಲಬಹುದು. 5/5 ಎರಡೂ ಲೆಕ್ಕದಲ್ಲಿ ಸಾಯುತ್ತದೆ, ಆದರೆ ಹೊಸ ನಿಯಮದಲ್ಲಿ ಒಂದನ್ನು ಜೊತೆಗೆ ಎಳೆದುಕೊಂಡೇ ಹೋಗುತ್ತದೆ. ಎರಡೆರಡು ಕ್ರಿಯೇಚರ್ ಅಡ್ಡ ನಿಲ್ಲಿಸುವ ಹಳೆಯ ಧೈರ್ಯಕ್ಕೆ ಈಗ ಬೆಲೆ ತೆರಬೇಕು. ಟ್ರ್ಯಾಂಪಲ್‌ಗೆ ಮಾತ್ರ ಷರತ್ತು ಹಾಗೇ ಇದೆ: ಎಲ್ಲ ಬ್ಲಾಕರ್‌ಗಳಿಗೂ ಸಾಯುವಷ್ಟು ಹಂಚಿದ ಮೇಲೆ ಮಿಕ್ಕಿದ್ದು ಎದುರಾಳಿಗೆ.

ಫಸ್ಟ್ ಸ್ಟ್ರೈಕ್ (ಉಳಿದವುಗಳಿಗಿಂತ ಮೊದಲೇ ಹೊಡೆಯುವ ಗುಣ) ಬಗ್ಗೆ ಲೇಖನ ಏನನ್ನೂ ಹೇಳಿಲ್ಲ. ಕಾಳಗದಲ್ಲಿ ಒಂದು ಕ್ರಿಯೇಚರ್‌ಗಾದರೂ ಅದಿದ್ದರೆ ಡ್ಯಾಮೇಜ್ ಹಂತ ಎರಡಾಗುತ್ತದೆ. ನಡುವಿನ ಆ ಬಿಡುವು ಬಹಳ ಬೆಲೆಯುಳ್ಳದ್ದು. ಫಸ್ಟ್ ಸ್ಟ್ರೈಕ್ ಇರುವ 2/2ಗೆ 4/4 ಅಡ್ಡ ನಿಂತಿದ್ದರೆ, ಮೊದಲ ಹಂತದಲ್ಲಿ ಎರಡು ಡ್ಯಾಮೇಜ್ ಬಿದ್ದ ಕೂಡಲೇ ಬೋಲ್ಟ್ ಹಾಕಿ. ಎರಡಕ್ಕೆ ಮೂರು ಸೇರಿ 4/4 ತಿರುಗೇಟು ಕೊಡುವ ಮೊದಲೇ ಸಾಯುತ್ತದೆ. ಮೊದಲ ಡ್ಯಾಮೇಜ್ ಮುಗಿದ ಮೇಲೆ ಇನ್ನೊಂದು ಕ್ರಿಯೇಚರ್‌ಗೆ ಫಸ್ಟ್ ಸ್ಟ್ರೈಕ್ ಕೊಟ್ಟರೆ ಏನೂ ಗಿಟ್ಟದು. ಅದು ಎರಡನೆಯ ಹಂತದಲ್ಲಿ ಎಂದಿನಂತೆ ಒಂದೇ ಸಲ ಹೊಡೆಯುತ್ತದೆ.

ಯೂಟ್ಯೂಬ್‌ನಲ್ಲಿ 2024ಕ್ಕೆ ಮುಂಚಿನ ವಿಡಿಯೊಗಳು ಇನ್ನೂ ಇವೆ. ಅವನ್ನು ನೋಡಿ ಕಲಿತವರಿಗೆ ಪತ್ರಿಕೆಯೂ ಅದನ್ನೇ ಹೇಳಿದರೆ ಹಳೆಯ ನಿಯಮವೇ ಗಟ್ಟಿಯಾಗಿಬಿಡುತ್ತದೆ. ದಯವಿಟ್ಟು ಒಂದು ತಿದ್ದುಪಡಿ ಪ್ರಕಟಿಸಿ. ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಜಾಲತಾಣದಲ್ಲಿ ಸಮಗ್ರ ನಿಯಮಾವಳಿ ಉಚಿತವಾಗಿ ಸಿಗುತ್ತದೆ, ಕಾಳಗದ ಭಾಗ 506ರಿಂದ 511ರವರೆಗೆ. ಅದು ಯಾವ ದಿನಾಂಕದಿಂದ ಜಾರಿಯಲ್ಲಿದೆ ಎಂಬುದನ್ನು ಮೇಲ್ಗಡೆಯೇ ಬರೆದಿರುತ್ತಾರೆ. ತಿದ್ದುಪಡಿಯಲ್ಲಿ ಆ ದಿನಾಂಕವನ್ನೂ ಹಾಕಿ.

ಇಂತಿ,
ನಿಮ್ಮ ಓದುಗ
ಬೆಂಗಳೂರು