ಬೇಟೆ ನಡೆಯುವುದು ಹೂವಿನ ಕೆಳಗೆ

ಮಾನ್ಯ ಸಂಪಾದಕರೇ,

ಸೋಣ ತಿಂಗಳು (ಆಗಸ್ಟ್–ಸೆಪ್ಟೆಂಬರ್) ಬಂತೆಂದರೆ ಕರಾವಳಿಯ ಪದವುಗಳಲ್ಲಿ, ಎಂದರೆ ಮುರಕಲ್ಲಿನ ಬಂಡೆ ಬಯಲುಗಳಲ್ಲಿ, ಅಲ್ಲಿನ ತಗ್ಗುಗಳಲ್ಲಿ ನಿಂತ ತೆಳು ನೀರಿನ ಅಂಚಿಗೆ, ಸಪೂರ ಕಡ್ಡಿಗಳ ತುದಿಯಲ್ಲಿ ನೀಲಿ ಹಾಗೂ ನೇರಳೆ ಹೂಗಳು ಹಾಸಿದಂತೆ ಅರಳುತ್ತವೆ. ಇವುಗಳಲ್ಲಿ ಅನೇಕವು ಯುಟ್ರಿಕ್ಯುಲೇರಿಯಾ ಕುಲದ ಕೀಟಾಹಾರಿ ಸಸ್ಯಗಳು. ಅವುಗಳ ಚಿತ್ರದ ಕೆಳಗೆ ‘ಕೀಟ ತಿನ್ನುವ ಹೂವು’ ಎಂಬ ಒಕ್ಕಣೆಯನ್ನು ಓದಿದಾಗಲೆಲ್ಲ, ಹಲವು ವರ್ಷ ಜೀವಶಾಸ್ತ್ರ ಕಲಿಸಿದ ನನಗೆ ಸಂಕಟವಾಗುತ್ತದೆ. ಹೂವು ಕೀಟವನ್ನು ತಿನ್ನುವುದಿಲ್ಲ, ಪರಾಗಸ್ಪರ್ಶಕ್ಕಾಗಿ ಕರೆಯುತ್ತದೆ. ಬೇಟೆಯೆಲ್ಲ ಕೆಳಗಿನ ಒದ್ದೆ ಮಣ್ಣಿನಲ್ಲಿ, ಗಿಡಕ್ಕೆ ಅಂಟಿಕೊಂಡಿರುವ, ಗಸಗಸೆ ಕಾಳಿಗಿಂತ ದೊಡ್ಡದಲ್ಲದ ಚೀಲಗಳಲ್ಲಿ ನಡೆಯುತ್ತದೆ.

ಈ ಚೀಲ ಕೆಲಸ ಮಾಡುವ ರೀತಿಯನ್ನು ನಮ್ಮಲ್ಲಿ ಬಹಳ ಸಡಿಲವಾಗಿ ಹೇಳುತ್ತಾರೆ. ಚೀಲದ ಬಾಯಿಯಲ್ಲಿರುವ ಕೂದಲು ತಾಗಿದೊಡನೆ ಅದರ ಬಾಗಿಲು ತೆರೆಯುತ್ತದೆ, ಹುಳು ಒಳಗೆ ಹೋಗುತ್ತದೆ ಎಂದಷ್ಟೇ ಹೇಳಿದರೆ ಮುಖ್ಯ ಸಂಗತಿಯೇ ಬಿಟ್ಟುಹೋಗುತ್ತದೆ. ಬೇಟೆ ಬರುವುದಕ್ಕೆ ಬಹಳ ಮೊದಲೇ ಗಿಡ ತನ್ನ ಶ್ರಮವನ್ನು ಮಾಡಿ ಮುಗಿಸಿರುತ್ತದೆ. ಚೀಲದೊಳಗಿನ ಗ್ರಂಥಿಗಳು ನೀರನ್ನು ಸತತವಾಗಿ ಹೊರಹಾಕುವುದರಿಂದ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಿ, ಎರಡೇ ಕೋಶಗಳಷ್ಟು ದಪ್ಪದ ಅದರ ಗೋಡೆಗಳು ಒಳಕ್ಕೆ ಸೆಳೆದುಕೊಂಡು ನಿಲ್ಲುತ್ತವೆ. ಶಾಯಿ ಫಿಲ್ಲರಿನ ರಬ್ಬರನ್ನು ಹಿಸುಕಿ ಹಿಡಿದ ಹಾಗೆ. ಆಗ ಪುಟ್ಟ ಜಲಚರವೊಂದು ಬಾಗಿಲ ಕೂದಲನ್ನು ತಾಕಿತೆಂದರೆ, ಹೊರಕ್ಕೆ ಉಬ್ಬಿದ್ದ ಬಾಗಿಲು, ತಗಡಿನ ಮುಚ್ಚಳ ಒತ್ತಿದಾಗ ಟಕ್ಕನೆ ತಗ್ಗಾಗುವಂತೆ, ಒಳಕ್ಕೆ ಮಡಚಿ ತೆರೆದುಕೊಳ್ಳುತ್ತದೆ. ಗೋಡೆಗಳು ಹಿಗ್ಗುತ್ತವೆ, ನೀರು ಬೇಟೆಯ ಸಮೇತ ಒಳನುಗ್ಗುತ್ತದೆ, ಬಾಗಿಲು ಮುಚ್ಚುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತಿನಲ್ಲಿ ಬೇಟೆ ಒಳಗಿರುತ್ತದೆ. 2011ರಲ್ಲಿ ಪ್ರಕಟವಾದ, ಅತಿವೇಗದ ಕ್ಯಾಮೆರಾ ಬಳಸಿದ ಅಧ್ಯಯನವೊಂದು ಈ ಸೆಳೆತದ ವೇಗೋತ್ಕರ್ಷವು ಗುರುತ್ವದ ಸುಮಾರು 600 ಪಟ್ಟು ಎಂದು ತೋರಿಸಿತು. ಮುಂದಿನ ಬೇಟೆಗೆ ಅಣಿಯಾಗಲು ಮಾತ್ರ ಚೀಲಕ್ಕೆ ಸುಮಾರು ಅರ್ಧ ಗಂಟೆ ಬೇಕು.

ನೋಡಲು ಸುಲಭವಾಗಿ ಸಿಗುವುದು ಕೆರೆ, ಹೊಂಡಗಳಲ್ಲಿ ಬೇರಿಲ್ಲದೆ ತೇಲುವ, ಹಳದಿ ಹೂವಿನ ಯುಟ್ರಿಕ್ಯುಲೇರಿಯಾ ಆರಿಯಾ. ಅದರ ಒಂದು ಎಳೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಮಸೂರ ಹಿಡಿದರೆ, ಸಾಸಿವೆಯಷ್ಟು ಚೀಲಗಳಲ್ಲಿ ಕೆಲವು ತಿಳಿಯಾಗಿಯೂ ಕೆಲವು ಒಳಗಿನ ಬೇಟೆಯಿಂದ ಕಪ್ಪಾಗಿಯೂ ಕಾಣುತ್ತವೆ. ಎಳೆಯನ್ನು ನೀರಿನಿಂದ ಮೇಲೆತ್ತಿ ಕಿವಿಯ ಬಳಿ ಹಿಡಿದರೆ ಚೀಲಗಳು ಗಾಳಿಯನ್ನೆಳೆದುಕೊಳ್ಳುವ ಸಣ್ಣ ಚಟಚಟ ಸದ್ದು ಕೇಳುತ್ತದೆ. ನನ್ನ ವಿದ್ಯಾರ್ಥಿಗಳು ಈ ಸದ್ದಿಗಾಗಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

ಚೀಲದ ಈ ಕೆಲಸವನ್ನು ಸರಿಯಾಗಿ ಅರಿಯಲು ದೊಡ್ಡ ವಿಜ್ಞಾನಿಗಳಿಗೂ ಕಷ್ಟವಾಗಿತ್ತು. ಈ ಚೀಲಗಳು ಗಿಡವನ್ನು ತೇಲಿಸುವ ಬುರುಡೆಗಳೆಂದೇ ಬಹುಕಾಲ ನಂಬಲಾಗಿತ್ತು. 1875ರಲ್ಲಿ ಕೀಟಾಹಾರಿ ಸಸ್ಯಗಳ ಕುರಿತು ಗ್ರಂಥ ಪ್ರಕಟಿಸಿದ ಚಾರ್ಲ್ಸ್ ಡಾರ್ವಿನ್ ಕೂಡ, ಜೀವಿಗಳು ತಲೆಯಿಂದ ಬಾಗಿಲನ್ನು ತಳ್ಳಿಕೊಂಡು ತಾವಾಗಿ ಒಳಹೋಗುತ್ತವೆಂದು ಭಾವಿಸಿದ್ದರು. ಅಮೆರಿಕದ ನ್ಯೂಜೆರ್ಸಿಯ ಮೇರಿ ಟ್ರೀಟ್ ಎಂಬ ಮಹಿಳೆ ಸೂಕ್ಷ್ಮದರ್ಶಕದ ಮುಂದೆ ತಾಳ್ಮೆಯಿಂದ ಕುಳಿತು, ಬೇಟೆಯನ್ನು ಚೀಲವೇ ಒಳಗೆಳೆದುಕೊಳ್ಳುವುದನ್ನು ಕಂಡರು. ಪಾಠದಲ್ಲಿ ಡಾರ್ವಿನ್ನರ ಜೊತೆಗೆ ಆಕೆಯ ಹೆಸರೂ ಬರಬೇಕೆಂಬುದು ನನ್ನ ಬಹುದಿನದ ಆಸೆ.

ಈ ಸಲ ಪದವಿನ ಹೂಗಳ ಚಿತ್ರ ಅಚ್ಚಾಗುವಾಗ, ಅದರ ಪಕ್ಕದಲ್ಲಿ ಒಂದು ಚೀಲದ ದೊಡ್ಡದು ಮಾಡಿದ ಚಿತ್ರವನ್ನೂ, ಚಿತ್ರ ತೆಗೆಯಲು ಹೋಗುವವರು ಬಂಡೆಯ ಮೇಲೆಯೇ ಕಾಲಿಡಬೇಕು, ಹೂವಿನ ಸುತ್ತಲಿನ ಒದ್ದೆ ಮಣ್ಣನ್ನು ತುಳಿಯಬಾರದು ಎಂಬ ಒಂದು ಸಾಲನ್ನೂ ಸೇರಿಸಬೇಕಾಗಿ ವಿನಂತಿ.

ಇತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಉಡುಪಿ