ಉಲಾನ್‌ಬಾತರ್‌ನಿಂದ ಬೇತಮಂಗಲಕ್ಕೆ

ಉಲಾನ್‌ಬಾತರ್, ಮಂಗೋಲಿಯಾ
ಸಂಕ್ರಾಂತಿಯ ಮಾರನೇ ದಿನ

ಪ್ರೀತಿಯ ಅಮ್ಮ, ಅಪ್ಪ,

ಇಬ್ಬರಿಗೂ ನಮಸ್ಕಾರ. ಅಜ್ಜಿಗೂ ನನ್ನ ನಮಸ್ಕಾರ ಹೇಳಿ. ಈ ಕಾಗದವನ್ನು ಅಜ್ಜಿಯ ಮುಂದೆ ಕೂತು ಪೂರ್ತಿ ಓದಿ ಹೇಳಬೇಕು. ಮಧ್ಯೆ ಎಲ್ಲೂ ಬಿಡಬೇಡಿ.

ನಾನು ಚೆನ್ನಾಗಿದ್ದೇನೆ. ಇಲ್ಲಿನ ಹೊಗೆಯನ್ನು ವಿಡಿಯೋದಲ್ಲಿ ನೋಡಿದಾಗಿನಿಂದ ಅಮ್ಮನಿಗೆ ಸರಿಯಾಗಿ ನಿದ್ದೆಯಿಲ್ಲ ಅಂತ ತಮ್ಮ ಹೇಳಿದ. ಫೋನಿನಲ್ಲಿ ಅಮ್ಮ ಅಳುತ್ತಾಳೆ, ಅಪ್ಪ "ಬಂದುಬಿಡು ಮಗಳೇ" ಅಂತಾರೆ. ನಾನು ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಇವತ್ತು ಬಿಡುವು ಮಾಡಿಕೊಂಡು ಬರೆಯುತ್ತಿದ್ದೇನೆ.

ಮೊದಲು ಮೈ ವಿಚಾರ. ಜೂನ್‌ನಲ್ಲಿ ನ್ಯುಮೋನಿಯಾ ಬಂದು, ಪಕ್ಕೆಯಲ್ಲಿ ನೀರು ತುಂಬಿ, ಟ್ಯೂಬ್ ಹಾಕಿ ತೆಗೆದಾಗ ನಾನು ಹೇಗಿದ್ದೆ ಅಂತ ನೀವೇ ಕಣ್ಣಾರೆ ನೋಡಿದ್ದೀರಿ. ಹಿತ್ತಲವರೆಗೆ ಹೋಗಿ ಬಂದರೆ ಸಾಕು, ದಮ್ಮು ಹತ್ತುತ್ತಿತ್ತು. ಈಗ ಶಾಲೆಯ ಮೂರು ಮಹಡಿ ಹತ್ತುತ್ತೇನೆ. ಮೇಲೆ ಹೋಗಿ ಸ್ವಲ್ಪ ನಿಂತರೆ ಸಾಕು, ಪಾಠ ಶುರು ಮಾಡಬಹುದು. ನ್ಯುಮೋನಿಯಾ ಆದವರಿಗೆ ಪೂರ್ತಿ ಶಕ್ತಿ ಬರಲು ಆರು ತಿಂಗಳು ಹಿಡಿಯಬಹುದು ಅಂತ ನಮ್ಮ ಡಾಕ್ಟರ್ ಹೇಳಿದ್ದು ನೆನಪಿದೆ ಅಲ್ವಾ? ಅದು ಹಾಗೇ ಆಯಿತು. ಡಿಸೆಂಬರ್‌ನಲ್ಲಿ ಇಲ್ಲಿ ಮತ್ತೆ ಎಕ್ಸ್‌ರೇ ತೆಗೆಸಿದೆ. ನೀರಿಲ್ಲ. ಶ್ವಾಸಕೋಶದ ಸುತ್ತಲಿನ ಪೊರೆ ಒಂದು ಕಡೆ ಸ್ವಲ್ಪ ದಪ್ಪಗಾಗಿದೆ, ಅಷ್ಟೆ. ಆಸ್ಪತ್ರೆಯಿಂದ ಬರುವಾಗ ಕೊಟ್ಟ ಮೂರು ಗುಂಡಿನ ಆ ಪ್ಲಾಸ್ಟಿಕ್ ಸಾಧನದಲ್ಲಿ ಬೆಳಿಗ್ಗೆ, ಸಂಜೆ ಈಗಲೂ ಉಸಿರು ಎಳೆಯುತ್ತೇನೆ. ಆಗ ಒಂದು ಗುಂಡೇ ಅರ್ಧಕ್ಕೆ ಏಳುತ್ತಿತ್ತು. ಈಗ ಮೂರೂ ಮೇಲೆ ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತವೆ.

ಅಪ್ಪ ರಕ್ತದ ಆಮ್ಲಜನಕ ತೋರಿಸುವ ಆಕ್ಸಿಮೀಟರ್ ನಂಬರ್ ಕೇಳಿದ್ದರು. 95, 96 ಬರುತ್ತದೆ. ಮನೆಯಲ್ಲಿ 98 ಇತ್ತಲ್ಲ ಅಂತ ಗಾಬರಿಯಾಗಬೇಡಿ. ಈ ಊರು ಸಮುದ್ರಮಟ್ಟದಿಂದ ಸುಮಾರು 1350 ಮೀಟರ್ ಮೇಲಿದೆ. ನಂದಿಬೆಟ್ಟದ ತುದಿಗಿಂತ ಸ್ವಲ್ಪ ಕೆಳಗೆ ಅಂದುಕೊಳ್ಳಿ. ಅಷ್ಟು ಎತ್ತರದಲ್ಲಿ ಆರೋಗ್ಯವಂತರಿಗೂ ಒಂದೆರಡು ಅಂಕ ಕಮ್ಮಿ ಬರುತ್ತದೆ.

ಇನ್ನು ಗಾಳಿ. ನಾನು ಮುಚ್ಚಿಡುವುದಿಲ್ಲ. ಇಲ್ಲಿನ ಚಳಿಗಾಲದ ಗಾಳಿ ಕೆಟ್ಟದ್ದು, ತುಂಬಾ ಕೆಟ್ಟದ್ದು. ಆಗಸ್ಟ್ ಕೊನೆಯಲ್ಲಿ ನಾನು ಬಂದಿಳಿದಾಗ ಆಕಾಶ ತೊಳೆದಿಟ್ಟ ಹಾಗಿತ್ತು. ಅಕ್ಟೋಬರ್ ಬಂತು, ಒಲೆಗಳು ಹತ್ತಿದವು, ಊರು ಬೂದಿ ಬಣ್ಣಕ್ಕೆ ತಿರುಗಿತು. ಈ ದೇಶದ ಅರ್ಧದಷ್ಟು ಜನ ಇದೊಂದೇ ಊರಲ್ಲಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಗುಡ್ಡದ ಇಳಿಜಾರುಗಳಲ್ಲಿ ಗೆರ್ ಎಂಬ ದುಂಡನೆಯ ಉಣ್ಣೆ ಡೇರೆಗಳಲ್ಲಿ, ಸಣ್ಣ ಮನೆಗಳಲ್ಲಿ ಇದ್ದಾರೆ. ಜನವರಿ ರಾತ್ರಿ ಮೈನಸ್ 30 ಡಿಗ್ರಿಗೆ ಇಳಿಯುತ್ತದೆ. ಬೆಂಕಿ ಆರಿದರೆ ಜೀವ ಉಳಿಯುವುದಿಲ್ಲ. ಅದಕ್ಕೆ ಮನೆಮನೆಯಲ್ಲೂ ಕಲ್ಲಿದ್ದಲು. 2019ರಲ್ಲಿ ಸಂಸ್ಕರಿಸದ ಕಲ್ಲಿದ್ದಲನ್ನು ನಿಷೇಧಿಸಿ, ಸಂಸ್ಕರಿಸಿದ ಕಲ್ಲಿದ್ದಲನ್ನು ಒತ್ತಿ ಮಾಡಿದ ಉಂಡೆಗಳನ್ನು ಕೊಡಲು ಶುರು ಮಾಡಿದರು. ಹೊಗೆ ಮೊದಲಿಗಿಂತ ಕಮ್ಮಿಯಾಯಿತು ಅಂತ ಹಳಬರು ಹೇಳುತ್ತಾರೆ. ಆದರೂ ಸಾಲದು. ಊರಿನ ಸುತ್ತ ಬೆಟ್ಟ. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಕೆಳಗೆ ಕೂರುತ್ತದೆ, ಬೆಚ್ಚನೆಯ ಗಾಳಿ ಅದರ ಮೇಲೆ ಕವುಚಿಕೊಳ್ಳುತ್ತದೆ. ಹೊಗೆಗೆ ಮೇಲೆ ಹೋಗಲು ದಾರಿಯಿಲ್ಲ.

ಅಪ್ಪನಿಗೆ ಲೆಕ್ಕ ಬೇಕು ಅಂತ ಗೊತ್ತು. ಹೊಗೆಯಲ್ಲಿ 2.5 ಮೈಕ್ರಾನಿಗಿಂತ ಸಣ್ಣ ಕಣಗಳಿರುತ್ತವೆ. ನಮ್ಮ ತಲೆಕೂದಲು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ದಪ್ಪ. ಮೂಗು, ಗಂಟಲು ಇವನ್ನು ತಡೆಯುವುದಿಲ್ಲ, ಸೀದಾ ಶ್ವಾಸಕೋಶದ ತಳಕ್ಕೆ ಹೋಗುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 15 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 60. ಇಲ್ಲಿ ಕೆಲವು ರಾತ್ರಿ ನನ್ನ ಮೀಟರನ್ನು ಕಿಟಕಿಯ ಹೊರಗೆ ಹಿಡಿದರೆ 300 ದಾಟುತ್ತದೆ.

ಹಾಗಿದ್ದರೆ ಯಾಕೆ ಹೋದೆ ಅಂತ ಅಮ್ಮ ಕೇಳುತ್ತಾಳೆ. ಕಾಯಿಲೆ ಬರುವ ಮೊದಲೇ ಕೆಲಸ ಗೊತ್ತಾಗಿತ್ತು. ತಮ್ಮನ ಓದಿನ ಸಾಲ ಇದೆ, ಬೋರ್‌ವೆಲ್ ಸಾಲ ಇದೆ. ಅದು ನಿಮಗೂ ಗೊತ್ತು. ಗೊತ್ತಿಲ್ಲದ್ದು ಒಂದಿದೆ, ಅದನ್ನು ಹೇಳುತ್ತೇನೆ. ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ತಾತನನ್ನು ಬಹಳ ನೆನೆಸಿಕೊಂಡೆ.

ತಾತ ಕೆಜಿಎಫ್ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವ ಕೆಲಸದಲ್ಲಿದ್ದರು. ಅಲ್ಲಿ ಸುರಂಗ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಗಾಯ ಮಾಡುತ್ತದೆ. ಗಾಯ ಗಟ್ಟಿಯಾಗುತ್ತಾ ಹೋಗುತ್ತದೆ, ಉಸಿರಿಗೆ ಜಾಗವೇ ಇರುವುದಿಲ್ಲ. ಸಿಲಿಕೋಸಿಸ್ ಅಂತ ಅದರ ಹೆಸರು, ವಾಸಿಯಾಗುವ ಕಾಯಿಲೆ ಅಲ್ಲ. ಕೆಜಿಎಫ್ ಕಾರ್ಮಿಕರಲ್ಲಿ ಅದು ಇದೆ ಅಂತ ವೈದ್ಯರಿಗೆ 1930ರ ದಶಕದಲ್ಲೇ ಗೊತ್ತಿತ್ತು. ತಾತ ಕೊನೆಯ ವರ್ಷಗಳಲ್ಲಿ ಮಲಗುತ್ತಲೇ ಇರಲಿಲ್ಲ. ಗೋಡೆಗೆ ದಿಂಬು ಇಟ್ಟು ಕೂತೇ ಕಣ್ಣು ಮುಚ್ಚುತ್ತಿದ್ದರು. ಅಜ್ಜಿ ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂತಿರುತ್ತಿದ್ದಳು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದ ಸೈನೈಡ್ ಗುಡ್ಡಗಳು ಹಾಗೇ ಉಳಿದವು, ಮೂರು ಕೋಟಿ ಟನ್ನಿಗೂ ಜಾಸ್ತಿ. ಆಷಾಢದ ಗಾಳಿಗೆ ಆ ಬಿಳಿ ಧೂಳು ಎದ್ದು ಊರ ಮೇಲೆ ಬೀಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಒಣಗಲು ಹಾಕಿದ ಬಟ್ಟೆ ಒದರಿದರೆ ಪುಡಿ ಉದುರುತ್ತಿತ್ತು.

ತಾತನಿಗೆ ತಾನು ಉಸಿರಾಡುವ ಗಾಳಿಯಲ್ಲಿ ಏನಿದೆ, ಎಷ್ಟಿದೆ ಅಂತ ನೋಡಲು ದಾರಿ ಇರಲಿಲ್ಲ. ನನಗೆ ಇದೆ, ಗಂಟೆಗಂಟೆಗೂ ಇದೆ. ನಾನು ಇಲ್ಲಿಗೆ ಬರಲು ಧೈರ್ಯ ಮಾಡಿದ್ದು ಅದೊಂದೇ ನಂಬಿಕೆಯ ಮೇಲೆ. ನೋಡಿಕೊಂಡು ಬದುಕುತ್ತೇನೆ, ಸುಮ್ನೆ ಅದೃಷ್ಟದ ಮೇಲೆ ಬಿಡುವುದಿಲ್ಲ ಅಂತ.

ಹೇಗೆ ನೋಡಿಕೊಳ್ಳುತ್ತೇನೆ ಅಂತ ಕೇಳಿ. ಮಲಗುವ ಕೋಣೆಯಲ್ಲಿ ಏರ್ ಪ್ಯೂರಿಫೈಯರ್ ಹಗಲು ರಾತ್ರಿ ಓಡುತ್ತದೆ. ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವಂಥದ್ದು, ಕೋಣೆಯ ಅಳತೆಗೆ ಸಾಕಾಗುವಂಥದ್ದು. ಸಣ್ಣದನ್ನು ದೊಡ್ಡ ಹಾಲ್‌ನಲ್ಲಿಟ್ಟರೆ ಏನೂ ಪ್ರಯೋಜನವಿಲ್ಲ. ಕಿಟಕಿಯ ಸಂದಿಗಳಿಗೆ ಟೇಪ್ ಅಂಟಿಸಿದ್ದೇನೆ, ಇಲ್ಲಿ ಚಳಿಗಾಲಕ್ಕೆ ಎಲ್ಲರೂ ಹಾಗೇ ಮಾಡುತ್ತಾರೆ. ಹೊರಗೆ 300 ಇದ್ದಾಗ ಒಳಗೆ 10ರ ಆಸುಪಾಸು ಇರುತ್ತದೆ. ಅಂದರೆ ನಿದ್ದೆಯ ಅಷ್ಟು ಹೊತ್ತು ನನ್ನ ಶ್ವಾಸಕೋಶಕ್ಕೆ ಒಳ್ಳೆಯ ಗಾಳಿ ಸಿಗುತ್ತದೆ. ಫಿಲ್ಟರ್ ಬದಲಿಸುವಾಗ ಅದು ಎಷ್ಟು ಕಪ್ಪಗಾಗಿರುತ್ತದೆ ಅಂತ ನೋಡಿದರೆ ಹೊಟ್ಟೆ ತೊಳಸುತ್ತದೆ. ಯಾವಾಗಲೂ ಮುಚ್ಚಿಕೊಂಡೇ ಇದ್ದರೂ ಕಷ್ಟ, ಉಸಿರು ಕಟ್ಟಿದಂತಾಗಿ ತಲೆ ಭಾರವಾಗುತ್ತದೆ. ಅದಕ್ಕೆ ಟೇಪ್ ಹಾಕದ ಒಂದು ಸಣ್ಣ ಕಿಟಕಿಯನ್ನು ಮಧ್ಯಾಹ್ನ ಸ್ವಲ್ಪ ಹೊತ್ತು ತೆಗೆಯುತ್ತೇನೆ. ಆ ಹೊತ್ತಿಗೆ ಬಿಸಿಲಿಗೆ ನೆಲ ಬಿಸಿಯಾಗಿ ಹೊಗೆ ಸ್ವಲ್ಪ ಮೇಲೆದ್ದಿರುತ್ತದೆ. ನಡೆಯಲು ಹೋಗುವುದೂ ಆಗಲೇ. ಬೆಳಿಗ್ಗೆ ಒಲೆ ಹಚ್ಚುವ ಹೊತ್ತಿನಲ್ಲಿ, ಸಂಜೆಯಿಂದ ನಡುರಾತ್ರಿವರೆಗೆ ಹೊರಗೆ ಕಾಲಿಡುವುದು ಆದಷ್ಟು ಕಮ್ಮಿ.

ಹೊರಗೆ ಹೋದರೆ ಎನ್95 ಮಾಸ್ಕ್. ಅಮ್ಮ ಹೊಲಿದು ಕೊಟ್ಟ ಹತ್ತಿಯದನ್ನು ಚಳಿಗೆ ಮೇಲೆ ಕಟ್ಟಿಕೊಳ್ಳುತ್ತೇನೆ, ಕಣಗಳನ್ನು ಅದು ತಡೆಯುವುದಿಲ್ಲ. ಈ ಚಳಿಯಲ್ಲಿ ಉಸಿರಿನ ತೇವಕ್ಕೆ ಮಾಸ್ಕ್ ಒದ್ದೆಯಾಗಿ ಮಂಜುಗಟ್ಟುತ್ತದೆ. ಅದಕ್ಕೆ ಬ್ಯಾಗಿನಲ್ಲಿ ಇನ್ನೊಂದು ಇರುತ್ತದೆ. ಮನೆಯೊಳಗೆ ಬಿಸಿನೀರಿನ ಪೈಪುಗಳಿಂದ ಬೆಚ್ಚಗಿರುತ್ತದೆ, ಆದರೆ ಗಾಳಿ ತೀರಾ ಒಣ. ಮೊದಲ ವಾರಗಳಲ್ಲಿ ಒಣಕೆಮ್ಮು ಕಾಡಿತು. ಒದ್ದೆ ಟವೆಲ್ಲನ್ನು ಆ ಪೈಪಿನ ಮೇಲೆ ಹರಡಿ ಮಲಗಲು ಶುರು ಮಾಡಿದ ಮೇಲೆ ತಗ್ಗಿತು. ಫ್ಲೂ ಲಸಿಕೆ, ನ್ಯುಮೋಕಾಕಲ್ ಲಸಿಕೆ ಎರಡನ್ನೂ ಕೋಲಾರದಲ್ಲೇ ಹಾಕಿಸಿಕೊಂಡು ಬಂದಿದ್ದು ಎಷ್ಟು ಒಳ್ಳೆಯದಾಯಿತು ಅಂತ ಈಗ ಅನಿಸುತ್ತದೆ. ಇಲ್ಲಿ ಡಿಸೆಂಬರ್, ಜನವರಿಯಲ್ಲಿ ಅರ್ಧ ತರಗತಿ ಶೀತ, ಜ್ವರದಲ್ಲಿರುತ್ತದೆ.

ಇಷ್ಟೆಲ್ಲ ಬರೆಯುವಾಗ ಮನಸ್ಸಿಗೆ ಒಂದು ಸಂಕಟ. ನಮ್ಮ ಶಾಲೆಯಲ್ಲಿ ಕಸ ಗುಡಿಸುವ ಅಕ್ಕ ಒಬ್ಬಳಿದ್ದಾಳೆ. ಉತ್ತರದ ಗುಡ್ಡದ ಮೇಲೆ ಗೆರ್‌ನಲ್ಲಿ ಇರುತ್ತಾಳೆ. ಮೊದಲು ಹುಲ್ಲುಗಾವಲಲ್ಲಿ ಕುರಿ ಮೇಯಿಸುತ್ತಿದ್ದ ಕುಟುಂಬ. ಇಲ್ಲಿ ಕೆಲವು ಚಳಿಗಾಲ ಎಷ್ಟು ಭೀಕರ ಅಂದರೆ ಮೇವು ಮಂಜಿನಡಿ ಸೇರಿ ದನಕುರಿ ನಿಂತಲ್ಲೇ ಸಾಯುತ್ತವೆ. ಝುದ್ ಅಂತಾರೆ. 2009–10ರ ಝುದ್‌ನಲ್ಲಿ ದೇಶದಲ್ಲಿ ಲಕ್ಷಗಟ್ಟಲೆ ಜಾನುವಾರು ಸತ್ತವು, ಇವರ ಮಂದೆಯೂ ಹೋಯಿತು. ಹೀಗೆ ಎಲ್ಲ ಕಳೆದುಕೊಂಡವರು ಊರು ಸೇರಿ ಗುಡ್ಡದ ಮೇಲೆ ಡೇರೆ ಹಾಕಿದರು. ನಮ್ಮ ಕಡೆ ಬೋರ್ ಬತ್ತಿದವರು ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರು ಸೇರಲಿಲ್ಲವೇ? ಅವಳ ಮಗುವಿಗೆ ಆರು ವರ್ಷ, ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಕೆಮ್ಮು ನಿಲ್ಲುವುದೇ ಇಲ್ಲವಂತೆ. ಹೊಗೆ ಮಾಡುವವರು ಅವರೇ ಅಂತ ಊರಿನ ಕೆಲವರು ಬೈಯುತ್ತಾರೆ. ನನಗೆ ಕೇಳಲು ಆಗುವುದಿಲ್ಲ. ಆ ಚಳಿಯಲ್ಲಿ ಮಗುವನ್ನು ಬೆಚ್ಚಗಿಡಲು ಅವಳ ಕೈಲಿ ಇರುವುದು ಆ ಒಲೆ ಒಂದೇ. ನನ್ನ ಸಂಬಳದಲ್ಲಿ ಅವಳ ಮನೆಗೊಂದು ಸಣ್ಣ ಪ್ಯೂರಿಫೈಯರ್ ತಂದುಕೊಟ್ಟೆ. ಅಮ್ಮ, ಆ ತಿಂಗಳು ಹಣ ಸ್ವಲ್ಪ ಕಮ್ಮಿ ಬಂದದ್ದು ಅದಕ್ಕೇ.

ಈಗ ನಮ್ಮ ಮನೆಯ ವಿಚಾರ. ಇದನ್ನು ನೀವು ನಡೆಸಿಕೊಡಲೇಬೇಕು.

ಅಮ್ಮ, ನೀನು ನನ್ನ ಶ್ವಾಸಕೋಶಕ್ಕೆ ಹೆದರುತ್ತೀಯ. ನನಗೆ ಅಜ್ಜಿಯದರ ಬಗ್ಗೆ ಹೆದರಿಕೆ. ಬೆಳಗಿನ ಜಾವ ಬಚ್ಚಲು ಒಲೆ ಹಚ್ಚುವಾಗ ಹಾಲಿನ ಕವರ್, ಹಳೇ ಸೈಕಲ್ ಟ್ಯೂಬ್ ಚೂರು ಹಾಕಿ ಬೆಂಕಿ ಹಿಡಿಸುತ್ತೀರಿ. ಮೇಲೆ ಹಸಿ ನೀಲಗಿರಿ ಕಡ್ಡಿ. ಮಾಗಿ ಚಳಿ ಅಂತ ಅಜ್ಜಿ ಆ ಒಲೆಯ ಮುಂದೆಯೇ ಕೂರುತ್ತಾಳೆ. ಬೆಂಕಿ ಕಾಯಿಸಿಕೊಳ್ಳುವ ಆ ಹೊತ್ತಿನಲ್ಲಿ ಅವಳು ಎಳೆದುಕೊಳ್ಳುವ ಹೊಗೆ ಈ ಊರಿನ ಬೀದಿಯ ಹೊಗೆಗಿಂತ ಕಮ್ಮಿಯೇನೂ ಇರಲಾರದು. ಪ್ಲಾಸ್ಟಿಕ್, ರಬ್ಬರ್ ಸುಟ್ಟ ಹೊಗೆಯಂತೂ ವಿಷ. ಅದನ್ನು ಇವತ್ತೇ ನಿಲ್ಲಿಸಿ. ಅಜ್ಜಿಯ ಕೆಮ್ಮು ವಯಸ್ಸಿನದು ಅಂತ ಬಿಟ್ಟುಬಿಡಬೇಡಿ. ಒಮ್ಮೆ ಕೋಲಾರಕ್ಕೆ ಕರೆದುಕೊಂಡು ಹೋಗಿ ಎದೆ ತೋರಿಸಿ. ನನಗೆ ಹಾಕಿದ ಎರಡು ಲಸಿಕೆ ಅಜ್ಜಿಗೂ ಹಾಕಬಹುದೇ ಅಂತ ಡಾಕ್ಟರನ್ನು ಕೇಳಿ. ಅವಳು ಬೇಡ ಅಂತಾಳೆ, ಬಸ್ಸಿನಲ್ಲಿ ವಾಂತಿ ಅಂತಾಳೆ. ಆಟೋ ಮಾಡಿಸಿಕೊಂಡು ಹೋಗಿ. ಅಜ್ಜಿ, ನೀನು ತಾತನ ಪಕ್ಕ ಕೂತು ಬೀಸಿದವಳು. ಉಸಿರಿಲ್ಲದ ಕಷ್ಟ ನಿನ್ನಷ್ಟು ಗೊತ್ತಿರುವವರು ನಮ್ಮ ಮನೆಯಲ್ಲಿ ಯಾರಿದ್ದಾರೆ? ನನ್ನ ಮಾತು ಕೇಳು.

ನಾನು ವಾಪಸ್ ಬರುವ ಮಾತು. ಜೂನ್‌ನಲ್ಲಿ ಶಾಲೆ ಮುಗಿಯುತ್ತದೆ, ಬರುತ್ತೇನೆ. ಮುಂದಿನ ಚಳಿಗಾಲಕ್ಕೆ ಮತ್ತೆ ಇಲ್ಲಿಗೆ ಬರಬೇಕೋ ಬೇಡವೋ ಅಂತ ಆಗ ನಮ್ಮ ಡಾಕ್ಟರ್ ಮುಂದೆ ಎಕ್ಸ್‌ರೇ ಇಟ್ಟುಕೊಂಡು ಎಲ್ಲರೂ ಕೂತು ತೀರ್ಮಾನ ಮಾಡೋಣ. ಅವರು ಬೇಡ ಅಂದರೆ ನಾನು ವಾದ ಮಾಡುವುದಿಲ್ಲ, ಮಾತು ಕೊಡುತ್ತೇನೆ. ಅದಕ್ಕೂ ಮೊದಲೇ ದಮ್ಮು ಶುರುವಾದರೆ ಅಥವಾ ಜ್ವರ ಬಂದು ಪಕ್ಕೆ ನೋವಾದರೆ ತಡಮಾಡದೆ ಟಿಕೆಟ್ ಮಾಡಿಸುತ್ತೇನೆ.

ನಿನ್ನೆ ಎಳ್ಳುಬೆಲ್ಲ ಇಲ್ಲದ ಹಬ್ಬ. ತಂದಿದ್ದ ರಾಗಿ ಹಿಟ್ಟಿನಲ್ಲಿ ಮುದ್ದೆ ಮಾಡಿ, ಬಟಾಣಿ ಸಾರು ಮಾಡಿಕೊಂಡೆ. ಈಗ ನಿಮ್ಮಲ್ಲಿ ಅವರೆಕಾಯಿ ಕಾಲ, ಹಿತಕಿದ ಬೇಳೆ ಸಾರಿನ ಘಮ ನೆನೆಸಿಕೊಂಡರೆ ಊಟ ಗಂಟಲಲ್ಲಿ ಇಳಿಯುವುದಿಲ್ಲ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಬರುತ್ತಾರೆ. ಅವರ ಕೈಲಿ ಒಣಗಿಸಿದ ಅವರೆಬೇಳೆ, ಸಾರಿನ ಪುಡಿ, ಒಂದೆರಡು ಕಿಲೋ ರಾಗಿ ಹಿಟ್ಟು ಕಳಿಸಿ. ಉಪ್ಪಿನಕಾಯಿ ಬೇಡ, ದಾರಿಯಲ್ಲಿ ಸೋರುತ್ತದೆ.

ಅಪ್ಪ, ನಿಮ್ಮ ಖಾತೆಗೆ ಈ ತಿಂಗಳು ಸಂಬಳದ ಜೊತೆ ಸ್ವಲ್ಪ ಹೆಚ್ಚಿಗೆ ಹಾಕಿದ್ದೇನೆ. ಅದು ಸಾಲಕ್ಕಲ್ಲ, ಸ್ನಾನದ ಬಿಸಿನೀರಿಗೆ ಸೋಲಾರ್ ಹಾಕಿಸಲು. ನಮ್ಮ ಕೋಲಾರದ ಬಿಸಿಲಿಗೆ ವರ್ಷದ ಬಹುಪಾಲು ದಿನ ಒಲೆಯೇ ಬೇಕಾಗುವುದಿಲ್ಲ. ಸೋಲಾರಿನವರು ನೋಡಲು ಬಂದಾಗ ತಾರಸಿಯ ಮೇಲಿನ ನೀರಿನ ಟ್ಯಾಂಕಿನ ಎತ್ತರ ಸಾಕಾ ಅಂತ ಅಳೆಯಿಸಿ. ಟ್ಯಾಂಕ್ ಸೋಲಾರಿಗಿಂತ ಮೇಲೆ ಇಲ್ಲದಿದ್ದರೆ ನೀರು ತಾನಾಗಿ ಇಳಿಯುವುದಿಲ್ಲ. ಎತ್ತರಿಸಬೇಕಾದರೆ ಎಷ್ಟು ಖರ್ಚು ಅಂತ ಕೇಳಿ ನನಗೆ ತಿಳಿಸಿ, ಮುಂದಿನ ತಿಂಗಳು ಕಳಿಸುತ್ತೇನೆ.

ನಿಮ್ಮ ಮಗಳು,
ಸುಧಾ