ಸಂಗಮದ ನೀರಿಗಿಳಿದರೆ ಕಾಲಿಗೆ ಸುತ್ತಿಕೊಂಡಿದ್ದು ಹಳೇ ಪ್ಯಾಂಟು

ಮಾನ್ಯ ಸಂಪಾದಕರೇ,

ಭಾಗಮಂಡಲದ ಭಾನುವಾರದ ಜನಸಂದಣಿ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಸುದ್ದಿ ಓದಿದೆ. ವಾಹನ ಸಂಚಾರಕ್ಕೆ ತುಸು ಅಡಚಣೆಯಾಯಿತು ಎಂದು ಬರೆದಿದ್ದೀರಿ. ತುಸು ಅಲ್ಲ ಸ್ವಾಮಿ. ಆ ಗಾಡಿಗಳ ಸಾಲಿನಲ್ಲಿ ನಾನೂ ಇದ್ದೆ. ಪಕ್ಕದಲ್ಲಿ 76 ವರ್ಷದ ಅವ್ವ ಇದ್ದರು.

ಅಪ್ಪ ತೀರಿಕೊಂಡು ಒಂದು ವರ್ಷವಾಯಿತು. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಸಂಗಮದಲ್ಲಿ ಮಿಂದು, ಪಿಂಡ ಬಿಟ್ಟು, ಅಲ್ಲಿನ ಭಗಂಡೇಶ್ವರನಿಗೆ ಕೈಮುಗಿದು, ಆಮೇಲೆ ತಲಕಾವೇರಿಗೆ ಹತ್ತುವುದು ನಮ್ಮ ಹಿರಿಯರು ಮಾಡಿಕೊಂಡು ಬಂದ ಕ್ರಮ. ಮಡಿಕೇರಿಯಿಂದ ಸುಮಾರು 40 ಕಿ.ಮೀ. ದಾರಿ. ಚೇರಂಬಾಣೆ ತನಕ ಏನೂ ತೊಂದರೆ ಇರಲಿಲ್ಲ. ಭಾಗಮಂಡಲ ಇನ್ನೇನು ಬಂತು ಅನ್ನುವಾಗ ಕಾರು ನಿಂತಿತು. ಒಂದೂವರೆ ಗಂಟೆ ಅಲುಗಾಡಲಿಲ್ಲ. ಇರುವುದೇ ಸಣ್ಣ ರಸ್ತೆ, ಅದರ ಎರಡೂ ಬದಿಗೆ ಗಾಡಿ ನಿಲ್ಲಿಸಿ ಹೋಗಿದ್ದರು. ಕೇಳುವವರು ಯಾರೂ ಇಲ್ಲ. ಪಿಂಡ ಬಿಡುವ ತನಕ ಏನೂ ತಿನ್ನುವುದಿಲ್ಲ ಎಂದು ಅವ್ವ ಖಾಲಿ ಹೊಟ್ಟೆಯಲ್ಲಿದ್ದರು. ಕೊನೆಗೆ ಕಾರು ಅಲ್ಲೇ ಬಿಟ್ಟು, ಅವ್ವನ ಕೈ ಹಿಡಿದು ಬಿಸಿಲಲ್ಲಿ ನಡೆಸಿಕೊಂಡು ಹೋದೆ.

ಸಂಗಮದಲ್ಲಿ ಅವ್ವ ಎರಡು ಹೆಜ್ಜೆ ಇಟ್ಟಿದ್ದರಷ್ಟೇ, ಕಾಲಿಗೆ ಏನೋ ಸುತ್ತಿಕೊಂಡಿತು. ನಾನು ರಟ್ಟೆ ಹಿಡಿಯದಿದ್ದರೆ ಕಲ್ಲಿನ ಮೇಲೆ ಬೀಳುತ್ತಿದ್ದರು. ಬಗ್ಗಿ ಎಳೆದೆ. ಯಾರದೋ ನೀಲಿ ಪ್ಯಾಂಟು. ಕೆಸರು ತುಂಬಿಕೊಂಡು ಎತ್ತಲಾಗದಷ್ಟು ಭಾರವಾಗಿತ್ತು. ಅದರ ಹಿಂದೆಯೇ ಒಂದು ಸೀರೆ ತುಂಡು, ಶಾಂಪೂ ಪ್ಯಾಕೆಟ್ಟು. ಬಟ್ಟೆ ನೀರಿಗೆ ಬಿಟ್ಟರೆ ಪಾಪ ಹೋಗುತ್ತದೆ ಅಂತ ಇವರಿಗೆ ಯಾರು ಹೇಳಿಕೊಟ್ಟರೋ. “ಮಗಾ, ನಿನ್ನಪ್ಪನ ಪಿಂಡ ಇದ್ರ ಮೇಲೆಯಾ ಬಿಡೋದು?” ಅಂದರು ಅವ್ವ. ನನ್ನಲ್ಲಿ ಉತ್ತರ ಇರಲಿಲ್ಲ.

ಮಿಂದ ಮೇಲೆ ಸೀರೆ ಬದಲಿಸೋಣವೆಂದರೆ ಕೊಠಡಿಗೆ ಬೀಗ. ಬೀಗದ ಕೈ ಯಾರ ಹತ್ತಿರ ಎಂದು ಮೂರು ಜನರನ್ನು ಕೇಳಿದೆ. ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಅವ್ವ ಅರ್ಧ ಗಂಟೆ ಒದ್ದೆ ಸೀರೆಯಲ್ಲಿ ನಡುಗುತ್ತಾ ನಿಂತರು. ಕೊನೆಗೆ ಗುರುತೂ ಇಲ್ಲದ ಇಬ್ಬರು ಹೆಂಗಸರು ಪಂಚೆ ಅಡ್ಡ ಹಿಡಿದರು. ಅವರಿಗೆ ಪುಣ್ಯ ಬರಲಿ.

ಅಲ್ಲಿಂದ ತಲಕಾವೇರಿಗೆ 8 ಕಿ.ಮೀ. ಏರು. ಕಾವೇರಿ ಹುಟ್ಟುವ ಪುಟ್ಟ ಕೊಳ, ಆ ಕುಂಡಿಕೆ ಎದುರು ಕೈಮುಗಿದು ನಿಂತ ಅವ್ವನಿಗೆ “ಅಜ್ಜಿ, ಸ್ವಲ್ಪ ಸೈಡಿಗೆ” ಅನ್ನುತ್ತಾರೆ ಮೊಬೈಲ್ ಹಿಡಿದ ಹುಡುಗರು. ಅಪ್ಪ ಕಣ್ಣು ಮುಚ್ಚುವಾಗ ಬಾಯಿಗೆ ಬಿಟ್ಟ ತೀರ್ಥ ಅದೇ ಕುಂಡಿಕೆಯಿಂದ ತಂದಿಟ್ಟಿದ್ದು. ಆ ಜಾಗದ ಬೆಲೆ ಇವರಿಗೆ ಹೇಗೆ ಹೇಳಬೇಕು?

ತುಲಾ ಸಂಕ್ರಮಣ ಹತ್ತಿರ ಬಂದರೆ ಅಧಿಕಾರಿಗಳು ದಂಡು ಕಟ್ಟಿಕೊಂಡು ಬರುತ್ತಾರೆ. ಸಭೆ ನಡೆಯುತ್ತದೆ, ಬಣ್ಣ ಬಳಿಯುತ್ತಾರೆ, ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಆ ದಿನ ಕುಂಡಿಕೆಯಲ್ಲಿ ತೀರ್ಥ ಉಕ್ಕುವ ತೀರ್ಥೋದ್ಭವ ಮುಗಿದ ಮೇಲೆ ವರ್ಷವಿಡೀ ಯಾರ ಮುಖವೂ ಕಾಣುವುದಿಲ್ಲ. ಮಳೆಗಾಲದಲ್ಲಿ ಸಂಗಮ ಉಕ್ಕಿ ರಸ್ತೆ ಮುಳುಗುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಒಂದು ಮೇಲ್ಸೇತುವೆಗೆ ಎಷ್ಟು ವರ್ಷ ಕಾದೆವು! 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಅಷ್ಟಾದ ಮೇಲೂ ಅದೇ ಬೆಟ್ಟದ ದಾರಿಗೆ ಒಂದೇ ದಿನ ಇಷ್ಟು ಗಾಡಿ ಬಿಡುವುದಾ?

ಶನಿವಾರ, ಭಾನುವಾರ ಗಾಡಿಗಳನ್ನು ಊರ ಹೊರಗೇ ನಿಲ್ಲಿಸಿ. ಇಲ್ಲವಾದರೆ ಕರ್ಮ ಮಾಡಲು ಬರುವವರನ್ನಾದರೂ ಮೊದಲು ಬಿಡಿ. ನೀರಿಗೆ ಬಟ್ಟೆ ಬಿಡುವವರಿಗೆ ದಂಡ ಹಾಕಿ, ಏನಾದರೂ ಮಾಡಿ. ಯಾವುದೂ ಆಗದಿದ್ದರೆ ಆ ಕೊಠಡಿಯ ಬೀಗವನ್ನಾದರೂ ತೆಗೆಯಿರಿ. ಸಂಬಳ ತೆಗೆದುಕೊಳ್ಳುವವರಿಗೆ ಅಷ್ಟೂ ಆಗುವುದಿಲ್ಲವಾ? ಇನ್ನು ಮುಂದೆ ಸಂಗಮಕ್ಕೆ ಬರುವುದಿಲ್ಲ ಎಂದು ಅವ್ವ ಮನೆಗೆ ಬಂದು ಅತ್ತಿದ್ದಾರೆ. ಇದಕ್ಕೆ ಯಾರು ಜವಾಬು ಕೊಡುತ್ತೀರಿ?

— ನೊಂದ ಓದುಗ, ಮಡಿಕೇರಿ